ವಿಯೆನ್ನಾದಲ್ಲಿ ಎರೆಮಣ್ಣು

ವಿಮಾನ ನಿಲ್ದಾಣ

ಎತ್ತುಗಳು ಜೀವಂತ ಇವೆಯೇ ಎಂದು ವಿಯೆನ್ನಾ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಕೇಳಿದ. ಇಲ್ಲಪ್ಪ, ಮಣ್ಣಿನವು ಎಂದೆ. ಜೀವಂತ ಇದ್ದಿದ್ದರೂ ಆತ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

ನಾನು ಗದಗಿನಿಂದ ಹೊರಟದ್ದು, ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಯಾರ ಮನೆಗೂ ಬರಿಗೈಯಲ್ಲಿ ಹೋಗಿ ರೂಢಿಯಿಲ್ಲ. ಕರೆಸಿಕೊಂಡವರಿಗೆ ಏನು ಒಯ್ಯುವುದೆಂದು ಯೋಚಿಸಿ, ಜಗುಲಿಯ ಮೇಲೆ ಪೂಜೆಗೆ ಇಟ್ಟಿದ್ದ ಎರಡು ಜೋಡಿಯಲ್ಲಿ ಒಂದನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ನಡುವೆ ಭದ್ರವಾಗಿ ಇಟ್ಟುಕೊಂಡಿದ್ದೆ.

ಹೊರದೇಶದ ಮಣ್ಣನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗದಗಿನ ಹತ್ತಿರದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಮಣ್ಣಿನ ಜೊತೆ ರೋಗವೂ ಊರೂರು ತಿರುಗುತ್ತದೆ ಎಂದು ರೈತರ ಮುಂದೆ ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಆದರೆ ಪೂಜೆಗೆ ಕೂತ ಮೇಲೆ ಅವು ಎತ್ತುಗಳು. ಅವು ಮಣ್ಣು ಎಂಬುದು ನನಗೆ ಹೊಳೆಯಲೇ ಇಲ್ಲ. ಡಂಬಳದಂಥ ಹಳ್ಳಿಯಲ್ಲಿ ಹುಟ್ಟಿದ ನಮ್ಮಂಥವರ ಬುದ್ಧಿಯೇ ಇಷ್ಟು.

ಆತ ಕೆಟ್ಟವನಲ್ಲ. ಚಟ್ನಿಯನ್ನು ಮೂಸಿ, ಸೀನಿ, ಮರ್ಯಾದೆಯಿಂದ ವಾಪಸು ಕೊಟ್ಟ. ಎತ್ತುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಫಾರಂನಲ್ಲಿ ‘ಮಣ್ಣು, ಎರಡು ತುಂಡು’ ಎಂದು ಬರೆದು ನನ್ನ ಸಹಿ ತೆಗೆದುಕೊಂಡ. ಸಹಿ ಮಾಡುವಾಗ ನಿಜವಾಗಿಯೂ ಸಂಕಟವಾಯಿತು.

ಹೊರಗೆ ಹನ್ನಾ ಕಾಯುತ್ತಿದ್ದಳು. ಮೂವತ್ತರ ಹತ್ತಿರದ, ತೆಳ್ಳಗಿನ ಹುಡುಗಿ. ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅವಳದೊಂದು ವಿಚಿತ್ರ ಸಂಶೋಧನೆ. ಕಂಪ್ಯೂಟರಿನಲ್ಲಿ ಮಾಡುವ ಚಲನಚಿತ್ರಗಳಲ್ಲಿ ನೀರು ಚಿಮ್ಮಬೇಕು, ಬಟ್ಟೆ ಹಾರಬೇಕು, ಗೋಡೆ ಕುಸಿಯಬೇಕು. ಒಂದೊಂದು ಹನಿಯನ್ನೂ ಕೈಯಿಂದ ಬಿಡಿಸುತ್ತ ಕೂತರೆ ಜನ್ಮ ಸಾಲದು. ಅದಕ್ಕೆ ಇವರು ಭೌತಶಾಸ್ತ್ರದ ನಿಯಮಗಳನ್ನೇ ಕಂಪ್ಯೂಟರಿಗೆ ಕೊಟ್ಟು, ನೀನೇ ಲೆಕ್ಕ ಹಾಕಿಕೊಂಡು ಹರಿ, ನೀನೇ ಬೀಳು ಎಂದು ಬಿಟ್ಟುಬಿಡುತ್ತಾರೆ. ಹನ್ನಾ ಐದು ವರ್ಷದಿಂದ ಬೆನ್ನು ಹತ್ತಿದ್ದು ಕೆಸರನ್ನು.

ನಮ್ಮ ಕಪ್ಪು ಎರೆಮಣ್ಣು ಕುಂಟೆಗೆ, ನೇಗಿಲಿಗೆ ಯಾಕೆ ಅಷ್ಟು ಮೆತ್ತುತ್ತದೆ ಎಂದು ಬಹಳ ಹಿಂದೆ ನಾನೊಂದು ಪುಟ್ಟ ಪ್ರಬಂಧ ಬರೆದಿದ್ದೆ. ನಮ್ಮ ಕೇಂದ್ರದಲ್ಲೇ ಅದನ್ನು ಓದಿದವರಿಲ್ಲ. ಹನ್ನಾ ಎಲ್ಲಿಂದಲೋ ಹುಡುಕಿ, ಅದರಲ್ಲಿದ್ದ ಅಂಕಿಗಳ ಪಟ್ಟಿಯನ್ನು ತನ್ನ ಕೆಸರಿಗೆ ಬಳಸಿಕೊಂಡಿದ್ದಳು. ಒಂದು ವರ್ಷ ಪತ್ರ ಬರೆದಾದ ಮೇಲೆ, ಒಂದು ವಾರದ ಮಟ್ಟಿಗೆ ಬರಬಹುದೇ ಎಂದು ಕರೆದಿದ್ದಳು. ಹೀಗೆ ನನ್ನ ಮೊದಲ ವಿದೇಶ ಪ್ರವಾಸ ಕೆಸರಿನ ಪುಣ್ಯದಿಂದ ಆಯಿತು.

ಸೋಮವಾರ

ವಿಯೆನ್ನಾದಲ್ಲಿ ನಾನು ಮೊದಲು ಹುಡುಕಿದ್ದು ಮಣ್ಣನ್ನು. ಕಲ್ಲಿನ ಹಾಸು, ಡಾಂಬರು, ಹುಲ್ಲು. ಹುಲ್ಲು ಬೆಳೆಯದ ಕಡೆ ಮರದ ತೊಗಟೆಯ ಚೂರು ಹರಡಿದ್ದಾರೆ. ಗದಗಿನ ಬಗಲಿನ ಬೆಟಗೇರಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ಇಲ್ಲಿ ಇಡೀ ದಿನ ತಿರುಗಿದರೂ ಚಪ್ಪಲಿಯ ಅಡಿ ಅಂಗಡಿಯಿಂದ ತಂದಾಗ ಇದ್ದಂತೆಯೇ ಇತ್ತು.

ಜನ ಕೆಂಪು ದೀಪಕ್ಕೆ ನಿಲ್ಲುತ್ತಾರೆ, ಎರಡೂ ಕಡೆ ಒಂದು ಸೈಕಲ್ಲೂ ಇಲ್ಲದಿದ್ದರೂ ನಿಲ್ಲುತ್ತಾರೆ. ನಾನು ಗದಗಿನ ರೂಢಿಯಂತೆ ಕೈ ಅಡ್ಡ ಹಿಡಿದು ದಾಟಿಬಿಟ್ಟೆ. ಆಚೆ ನಿಂತಿದ್ದ ಒಬ್ಬ ಮುದುಕಿ ನನ್ನನ್ನು ನೋಡಿದ ನೋಟಕ್ಕೆ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರು ನೆನಪಾದರು. ಮತ್ತೆ ವಾಪಸು ದಾಟಿ ಹೋಗಿ, ಹಸಿರು ದೀಪ ಬಂದ ಮೇಲೆ ಬರಬೇಕೇನೋ ಅನ್ನಿಸಿತು.

ಪ್ರಯೋಗಾಲಯ ಎಂದರೆ ಜರಡಿ, ತಕ್ಕಡಿ, ಒಲೆ ಇರಬೇಕು ಎಂಬುದು ನನ್ನ ತಿಳಿವಳಿಕೆ. ಹನ್ನಾಳ ಪ್ರಯೋಗಾಲಯದಲ್ಲಿ ಇದ್ದದ್ದು ಬರೀ ಪರದೆಗಳು, ಮತ್ತು ಕಿಟಕಿಯಲ್ಲಿ ಕುಂಡದೊಳಗೆ ಒಂದು ಗಿಡ. ಅಂತೂ ಮಣ್ಣು ಸಿಕ್ಕಿತು ಎಂದು ಕುಂಡಕ್ಕೆ ಬೆರಳು ಹಾಕಿದೆ. ಅದು ತೆಂಗಿನ ನಾರಿನ ಪುಡಿ.

ಅವಳು ಮೊದಲು ತೋರಿಸಿದ್ದು ಮರಳನ್ನು. ಪರದೆಯಲ್ಲಿ ಮೇಲಿನಿಂದ ಮರಳು ಸುರಿದು ರಾಶಿಯಾಗುತ್ತಾ ಹೋಯಿತು. ಎತ್ತರವಾಗಿ ಎತ್ತರವಾಗಿ, ಒಂದು ಹಂತಕ್ಕೆ ಇನ್ನು ತಾಳಲಾರೆ ಎಂಬಂತೆ ಒಂದು ಮಗ್ಗುಲಿಗೆ ಸರ್ರನೆ ಜಾರಿತು. ಒಕ್ಕುವ ಕಣದಲ್ಲಿ ಜೋಳದ ರಾಶಿ ಜಾರುವುದು ಹೀಗೆಯೇ. ಯಾರು ಬಿಡಿಸಿದ್ದು ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ಲಕ್ಷಗಟ್ಟಲೆ ಕಣಗಳಿವೆ, ಪ್ರತಿಯೊಂದಕ್ಕೂ ಅದರದರ ತೂಕ, ವೇಗ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಸಲ, ಪ್ರತಿ ಕಣವೂ ತನ್ನನ್ನು ಅಕ್ಕಪಕ್ಕದವು ಎಷ್ಟು ನೂಕುತ್ತಿವೆ, ಎಷ್ಟು ಹಿಡಿದಿವೆ ಎಂದು ಲೆಕ್ಕ ಹಾಕಿ ಒಂದಿಷ್ಟೇ ಸರಿಯುತ್ತದೆ. ರಾಶಿಯಾಗು ಎಂದು ಅವಕ್ಕೆ ಯಾರೂ ಹೇಳಿಲ್ಲ, ಜಾರು ಎಂದೂ ಹೇಳಿಲ್ಲ. ದೇವರ ಅಡುಗೆಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ನಿಂತ ಹಾಗಾಯಿತು ನನಗೆ. ಇನ್ನೊಂದು ಸಲ ಸುರಿ ಎಂದು ಐದು ಸಲ ಸುರಿಸಿದೆ.

ಮಧ್ಯಾಹ್ನ ಅವಳ ಪ್ರೊಫೆಸರ್ ಬಂದರು. ಅರವತ್ತರ ಆಸುಪಾಸು, ಮಾತು ಕಡಿಮೆ. ನನ್ನ ಹಳೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಮೂರನೆಯ ಸಾಲಿನ ಮೇಲೆ ಪೆನ್ಸಿಲ್ಲಿನ ತುದಿ ಊರಿ, ಇಲ್ಲಿ ದಶಮಾಂಶದ ಚುಕ್ಕೆ ಒಂದು ಮನೆ ಆಚೀಚೆ ಆಗಿರಬಹುದೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಆ ಸಾಲಿನ ಪಕ್ಕ ಅವರು ಈಗಾಗಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದರು.

ಆ ಪಟ್ಟಿ ನಾನು ಮಾಡಿದ್ದು ಹೀಗೆ. ಒದ್ದೆ ಎರೆಮಣ್ಣಿನ ಮೇಲೆ ಕಬ್ಬಿಣದ ಬಿಲ್ಲೆ ಒತ್ತಿ, ಕಿತ್ತು ತೆಗೆಯಲು ಎಷ್ಟು ಬಲ ಬೇಕೆಂದು ಅಳೆಯುವುದು. ಆಮೇಲೆ ಮಣ್ಣಿಗೆ ಮಣ್ಣನ್ನೇ ಒತ್ತಿ ಅಳೆಯುವುದು. ನೀರು ಬಹಳ ಇದ್ದಾಗ ಮಣ್ಣು ಜಾರುತ್ತದೆ, ಅಂಟುವುದಿಲ್ಲ. ಆರಿದ ಮೇಲೂ ಅಂಟುವುದಿಲ್ಲ. ನಡುವೆ ಒಂದು ಸಣ್ಣ ಅವಧಿ ಇದೆ; ಆಗ ಅದು ಹಿಡಿದರೆ ಬಿಡುವುದಿಲ್ಲ. ಮೂರನೆಯ ಸಾಲು ಆ ಅವಧಿಯದು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೋಲಿಸಿದರೆ ಆ ಅಂಕಿ ಸಂತೆಯಲ್ಲಿ ಒಂಟೆ ನಿಂತಷ್ಟು ಎತ್ತರ. ಅಂಕಿ ಸರಿಯಾಗಿದೆ ಎಂದೆ. ಅವರು ತಲೆಯಾಡಿಸಿದರು. ವಯಸ್ಸಾದವರ ಮಾತಿಗೆ ತಲೆಯಾಡಿಸುತ್ತಾರಲ್ಲ, ಹಾಗೆ. ನನಗೆ ಸಿಟ್ಟು ಬಂತು.

ಅವರು ಹೋದ ಮೇಲೆ ಹನ್ನಾ ವಿಷಯ ಹೇಳಿದಳು. ಗುರುವಾರ ಹತ್ತು ಗಂಟೆಗೆ ಪ್ರೊಫೆಸರ್ ಮತ್ತು ಇನ್ನಿಬ್ಬರು ಕೂತು, ಕೆಸರಿನ ಅಧ್ಯಾಯ ಅವಳ ಪಿಎಚ್.ಡಿ. ಪ್ರಬಂಧದಲ್ಲಿ ಇರಬೇಕೋ ಬೇಡವೋ ತೀರ್ಮಾನಿಸುತ್ತಾರೆ. ನನ್ನ ಮೂರನೆಯ ಸಾಲು ಬಿದ್ದರೆ ಅಧ್ಯಾಯ ಬಿತ್ತು. ಅಧ್ಯಾಯ ಬಿದ್ದರೆ ಉಳಿಯುವುದು ಅರ್ಧ ಪ್ರಬಂಧ, ಅವಳ ಶಿಷ್ಯವೇತನವೋ ಸೆಪ್ಟೆಂಬರಿಗೆ ಮುಗಿಯುತ್ತದೆ. ಬಿದ್ದರೆ ಓದು ಬಿಟ್ಟುಬಿಡುತ್ತೇನೆ ಎಂದು ಅವಳು ಹೇಳಿದ್ದು ಎಷ್ಟು ಸಣ್ಣ ದನಿಯಲ್ಲಿ ಎಂದರೆ, ನಾನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕಾಯಿತು.

ಮಂಗಳವಾರ

ಮಂಗಳವಾರ ಅವಳ ಕೆಸರು ನೋಡಿದೆ. ಪರದೆಯಲ್ಲಿ ಒಬ್ಬ ಮನುಷ್ಯ ಕಪ್ಪು ಹೊಲದಲ್ಲಿ ನಡೆಯುತ್ತಿದ್ದ. ಬೂಟಿಗೆ ತೆಳ್ಳಗೆ ಕೆಸರು ಹತ್ತಿ, ಮಿರಮಿರ ಹೊಳೆಯುತ್ತ, ಅಷ್ಟಕ್ಕೇ ನಿಂತಿತ್ತು. ಮದುವೆ ಊಟಕ್ಕೆ ಹೊರಟವನ ಹಾಗೆ ಆರಾಮಾಗಿ ನಡೆಯುತ್ತಿದ್ದ. ಹನ್ನಾಳ ಮನಸ್ಸು ನೋಯಿಸಬಾರದೆಂದಿದ್ದೆ. ಆದರೆ ಸುಳ್ಳು ಹೇಳಿ ಗೊತ್ತಿಲ್ಲ. ಇದು ಚಾಕೊಲೇಟ್, ನಮ್ಮ ಎರೆ ಅಲ್ಲ ಎಂದುಬಿಟ್ಟೆ.

ಅವಳು ಪರದೆಯ ಚಿತ್ರ ನಿಲ್ಲಿಸಿದಳು. ಆಮೇಲೆ, ಇದರ ಮೊದಲಿನದು ಒಂದಿದೆ, ಅದರಲ್ಲಿ ತಪ್ಪಿದೆ ಎಂದು ಎಲ್ಲರೂ ಹೇಳಿದ್ದರಿಂದ ಮುಚ್ಚಿಟ್ಟಿದ್ದೇನೆ ಎಂದಳು. ಅದರಲ್ಲಿ ಕಾಲು ಬೆಳೆಯುತ್ತಾ ಹೋಗುತ್ತದಂತೆ. ಕೊನೆಗೆ ಅವಳು ಬೇಸತ್ತು, ಕೆಸರು ಒಂದು ಬೆರಳಿಗಿಂತ ದಪ್ಪವಾಗಕೂಡದು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದು ಅದರ ಕೈಕಟ್ಟಿ ಹಾಕಿದ್ದಳು.

ಮೊದಲಿನದನ್ನು ಹಾಕಿಸಿದೆ. ಅದೇ ಮನುಷ್ಯ, ಅದೇ ಹೊಲ. ಮೊದಲ ಹೆಜ್ಜೆಗೆ ಅಂಗಾಲಿಗೆ ಒಂದು ಪದರ ಹತ್ತಿತು. ಎರಡನೆಯದಕ್ಕೆ ಆ ಪದರಕ್ಕೆ ಇನ್ನೊಂದು ಪದರ. ಮಣ್ಣಿಗೆ ಮಣ್ಣು ಹಿಡಿದು, ಅಂಚು ಹೊರಕ್ಕೆ ಚಾಚಿ, ಕಾಲು ರೊಟ್ಟಿಯ ಹಂಚಿನಷ್ಟು ಅಗಲವಾಯಿತು. ಮನುಷ್ಯ ಗೇಣುದ್ದ ಎತ್ತರವಾದ. ಕಾಲು ಕಿತ್ತಿಡಲಾರದೆ ತೊಡೆ ಅಗಲಿಸಿ, ಓಲಾಡುತ್ತ ನಡೆದ. ಒಂಬತ್ತನೆಯ ಹೆಜ್ಜೆಗೆ ಎಡಗಾಲಿಗೆ ಮೆತ್ತಿದ ಮಣ್ಣಿನ ಹೆಂಟೆ ತನ್ನ ಭಾರಕ್ಕೆ ತಾನೇ ಹಿಮ್ಮಡಿಯ ಹೊರಮಗ್ಗುಲಿನಿಂದ ಸೀಳಿ ಧಪ್ಪನೆ ಕಳಚಿಬಿತ್ತು. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದವಾಗಿ ಕುಂಟಿದ.

ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ಆ ಹುಡುಗಿ ಎರೆಹೊಲವನ್ನು ಜನ್ಮದಲ್ಲಿ ನೋಡಿಲ್ಲ. ಅವಳ ಕಂಪ್ಯೂಟರ್ ಡಂಬಳದ ಹೆಸರು ಕೇಳಿಲ್ಲ. ಅದಕ್ಕೆ ಗೊತ್ತಿದ್ದದ್ದು ನಾನು ಒಂದು ಸಣ್ಣ ಕೋಣೆಯಲ್ಲಿ ಕೂತು ಬರೆದ ಎಂಟು ಸಾಲು ಅಂಕಿ. ಆ ಅಂಕಿಗಳೊಳಗೆ ನಮ್ಮ ಹೊಲ ಪೂರ್ತಿಯಾಗಿ, ಹೆಂಟೆ ಸೀಳುವ ಜಾಗದ ಸಮೇತ, ಕೂತಿತ್ತು. ಬರೆದ ನನಗೇ ಅದು ಗೊತ್ತಿರಲಿಲ್ಲ.

ಇದನ್ನು ನೀವು ಕಣ್ಣಾರೆ ನೋಡಿದ್ದೀರಾ ಎಂದು ಹನ್ನಾ ಕೇಳಿದಳು. ನೋಡುವುದೇನು ಬಂತು, ಇದರಲ್ಲೇ ನಡೆದು ಶಾಲೆಗೆ ಹೋಗಿದ್ದೇನೆ ಎಂದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಆ ನುಣುಪು ನೆಲದ ಮೇಲೆ ಕೆಸರಿನ ಕಾಲು ಎಳೆಯುತ್ತ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದೆ. ಪಕ್ಕದ ಕೋಣೆಯವರೆಲ್ಲ ಬಾಗಿಲಲ್ಲಿ ಬಂದು ನಿಂತರು. ಪ್ರೊಫೆಸರೂ ನೋಡಿದರು. ನಕ್ಕರು. ಚಿಕ್ಕಂದಿನ ನೆನಪಿನಲ್ಲಿ ಎಲ್ಲವೂ ದೊಡ್ಡದಾಗಿರುತ್ತದೆ ಎಂದರು.

ಬುಧವಾರ

ಪ್ರೊಫೆಸರಿಗೆ ತೋರಿಸಲು ಸಾಕ್ಷಿ ಬೇಕೆಂದು ಹನ್ನಾ ಬೆಳಗಿನಿಂದ ಅಂತರ್ಜಾಲ ಜಾಲಾಡಿದಳು. ಕೆಸರಲ್ಲಿ ಹೂತ ಟ್ರ್ಯಾಕ್ಟರು, ಜಾರಿ ಬಿದ್ದ ಮಂದಿ, ಎಮ್ಮೆ, ಎಲ್ಲ ಸಿಕ್ಕವು. ಅಂಗಾಲಿಗೆ ಕೆಸರು ಹೆಜ್ಜೆ ಹೆಜ್ಜೆಗೂ ಏರುವುದನ್ನು ಯಾರು ಕೂತು ಚಿತ್ರ ತೆಗೆಯುತ್ತಾರೆ? ಕೊನೆಗೆ ನಾನು ಡಂಬಳಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಸೋಮವಾರ ಸಂಜೆ ಜೋರು ಮಳೆಯಾಗಿದೆ ಎಂದು ಕೇಳಿ ಕುಣಿಯುವಷ್ಟು ಖುಷಿಯಾಯಿತು. ಹೊಲದಲ್ಲಿ ಹದಿನೈದು ಹೆಜ್ಜೆ ನಡೆದು ವಿಡಿಯೊದಲ್ಲಿ ತೋರಿಸು ಎಂದೆ.

“ಹದಾ ಬರೂಮಟ ಹೊಲಕ್ಕ ಕಾಲಿಡಬಾರದಂತ ನಿನಗ ನಾ ಹೇಳಬೇಕೇನು?” ಎಂದ ಅಣ್ಣ. “ಹಸಿ ಹೊಲ ತುಳದ್ರ ಹೆಂಟಿ ಕಲ್ಲಾಗತಾವು. ನಿಮ್ಮ ಸಿನಿಮಾದ ಸಲುವಾಗಿ ನಾ ಹೊಲ ಕೆಡಸಾಂವ ಅಲ್ಲ.”

ಅವನದು ತಪ್ಪಲ್ಲ. ಬಿತ್ತುವ ಹದಕ್ಕೆ ಮುಂಚೆ ಎರೆಹೊಲ ತುಳಿಯಬೇಡಿ ಎಂದು ನಾನೇ ಎಷ್ಟು ಊರಲ್ಲಿ ಹೇಳಿ ಬಂದಿಲ್ಲ! ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಷ್ಟರಲ್ಲಿ ವೈನಿ, ಎಂದರೆ ಅಣ್ಣನ ಹೆಂಡತಿ, ಫೋನ್ ಇಸಿದುಕೊಂಡರು. ಯಾರೋ ಒಂದು ಹುಡುಗಿಯ ಐದು ವರ್ಷದ ಓದು ನಿಂತಿದೆ ಎಂದು ಅವರಿಗೆ ಬಿಡಿಸಿ ಹೇಳಿದೆ.

“ಹೊಲದಾಗ ಬ್ಯಾಡ. ಹೊಲಕ್ಕ ಹೋಗೋ ಬಂಡಿ ದಾರಿ ಐತೆಲ್ಲ, ಅದೂ ಎರಿನ ಐತಿ. ನಾ ನಡೀತೀನಿ,” ಎಂದರು ವೈನಿ. “ಆದರ ಇವತ್ತ ಜಾರತೈತಿ, ಕಾಲಿಗ ಮೆತ್ತಂಗಿಲ್ಲ. ನಾಳಿ ಮಧ್ಯಾಹ್ನ ಬರೋಬರಿ ಮೆತ್ತತೈತಿ. ನಡುವ ಮಳಿ ಬರಬಾರದು ನೋಡ್ರಿ.”

ನಾಳೆ ಮಧ್ಯಾಹ್ನ ಒಂದೂವರೆ ಎಂದರೆ ಇಲ್ಲಿ ಬೆಳಿಗ್ಗೆ ಹತ್ತು. ಮಳೆ ಬರದಿರಲಿ ಎಂದು ಡಂಬಳದವಳಾಗಿ ನಾನು ಬೇಡಿಕೊಂಡದ್ದು ಅದೇ ಮೊದಲು. ಬೇಡಿಕೊಂಡು, ತಕ್ಷಣ ನಾಲಿಗೆ ಕಚ್ಚಿಕೊಂಡೆ.

ಸಂಜೆ ತಲೆ ಹಗುರಾಗಲಿ ಎಂದು ಹನ್ನಾ ಹಳೆಯ ಪೇಟೆಗೆ ಕರೆದುಕೊಂಡು ಹೋದಳು. ಎರಡು ಮೂರು ಹಳೆಯ ಮನೆಗಳ ಬಾಗಿಲ ಪಕ್ಕ, ನೆಲದ ಹತ್ತಿರ, ಕಬ್ಬಿಣದ ಒಂದು ಅಡ್ಡಪಟ್ಟಿ ಕಂಡೆ. ಇದು ಯಾತಕ್ಕೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ನನಗೆ ನೋಡಿದ ಕೂಡಲೆ ಗೊತ್ತಾಯಿತು. ಕಾಲಿನ ಕೆಸರು ಹೆರೆಯಲು. ನಮ್ಮ ಕಡೆ ಕಲ್ಲಿಗೆ ಉಜ್ಜುತ್ತೇವೆ, ಇವರು ಕಬ್ಬಿಣ ಹಾಕಿಸಿದ್ದರು. ಇವರ ಅಜ್ಜಂದಿರಿಗೂ ಕೆಸರು ಗೊತ್ತಿತ್ತು ಎಂದಾಯಿತು. ಹನ್ನಾ ತನ್ನ ಬಿಳಿ ಬೂಟನ್ನು ಅದರ ಮೇಲೊಮ್ಮೆ ಉಜ್ಜಿ ನೋಡಿದಳು. ಏನೂ ಉದುರಲಿಲ್ಲ.

ಗುರುವಾರ

ಹತ್ತು ಗಂಟೆಗೆ ಮೂವರೂ ಬಂದು ಕೂತರು. ಮಳೆ ಬಂದಿರಲಿಲ್ಲ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ವೈನಿಯ ಎರಡು ಬರಿಗಾಲು ಕಂಡವು. ಬೆಳ್ಳಿಯ ಕಾಲುಂಗುರ, ಒಡೆದ ಹಿಮ್ಮಡಿ. ಗೊಣಗುತ್ತಲೇ ಫೋನ್ ಹಿಡಿದವನು ಅಣ್ಣ; ಅವನ ಗೊಣಗಾಟವೂ ಇಡೀ ಕೋಣೆಗೆ ಕೇಳುತ್ತಿತ್ತು.

ವೈನಿ ಹೆಜ್ಜೆ ಎಣಿಸುತ್ತ ನಡೆದರು. ಒಂದು, ಎರಡು, ಮೂರು. ಕೆಸರು ಏರತೊಡಗಿತು. ಆರನೆಯ ಹೆಜ್ಜೆಗೆ ಚಿತ್ರ ನಿಂತೇ ಹೋಯಿತು. ಮೇಲೆತ್ತಿದ ಕಾಲು ಗಾಳಿಯಲ್ಲಿ ಹಾಗೇ ನಿಂತಿದೆ. ಡಂಬಳದ ನೆಟ್‌ವರ್ಕ್ ಯಾವತ್ತೂ ಹೀಗೆ. ಬೇಕಾದಾಗ ಕೈ ಕೊಡುತ್ತದೆ. ಮತ್ತೆ ಚಿತ್ರ ಚಲಿಸಿದಾಗ ವೈನಿ ಎಂಟು ಅನ್ನುತ್ತಿದ್ದರು, ಕಾಲು ಗುರುತು ಸಿಗದ ಹಾಗೆ ಉಬ್ಬಿತ್ತು. ಕಾಲುಂಗುರ ಎಲ್ಲೋ ಒಳಗೆ ಹೂತಿತ್ತು. ತೊಡೆ ಅಗಲಿಸಿ, ಓಲಾಡುತ್ತ, ಹದಿನಾಲ್ಕನೆಯ ಹೆಜ್ಜೆ ಎತ್ತಿದಾಗ ಹೆಂಟೆ ಹಿಮ್ಮಡಿಯ ಹೊರಮಗ್ಗುಲಿನಿಂದ ಸೀಳಿ ಬಿತ್ತು. ಹನ್ನಾ ನನ್ನ ಕೈ ಹಿಡಿದುಕೊಂಡಳು.

ಕೆಸರು ಏರುವುದು ನಿಜ ಎಂದು ಮೂವರೂ ಒಪ್ಪಿದರು. ಆದರೆ ಹನ್ನಾಳ ಪರದೆಯ ಮನುಷ್ಯನಿಗೆ ಒಂಬತ್ತು ಹೆಜ್ಜೆ, ಇಲ್ಲಿ ಹದಿನಾಲ್ಕು. ಅಂಕಿಯಲ್ಲಿ ತಪ್ಪಿದೆ ಎಂದೇ ಇದರ ಅರ್ಥವಲ್ಲವೇ ಎಂದು ಪ್ರೊಫೆಸರ್ ಕೇಳಿದರು. ಹನ್ನಾ ಒಂದು ಗಳಿಗೆ ಯೋಚಿಸಿ, ನಿಮ್ಮ ವೈನಿಯ ತೂಕ ಎಷ್ಟು ಎಂದು ನನ್ನನ್ನು ಕೇಳಿದಳು. ಫೋನಿನಲ್ಲಿ ಕೇಳಿದರೆ ವೈನಿ ನಾಚಿ ಹೇಳಲಿಲ್ಲ. ಅರ್ಧ ಚೀಲ ಜೋಳದಷ್ಟು ಎಂದು ಅಣ್ಣ ಹಿಂದಿನಿಂದ ಕೂಗಿದ. ಅದನ್ನು ನಾನು ಕಿಲೊ ಲೆಕ್ಕಕ್ಕೆ ತಂದು, ಐವತ್ತು ಎಂದು ಹೇಳಿದೆ. ಹನ್ನಾಳ ಮನುಷ್ಯ ಎಂಬತ್ತು ಕಿಲೊದವನು, ಕಾಲಿಗೆ ಬೂಟು ಬೇರೆ. ಅವಳು ಅವನನ್ನು ತೆಗೆದು, ವೈನಿಯಷ್ಟು ತೂಕದ, ಬರಿಗಾಲಿನ ಒಬ್ಬ ಹೆಂಗಸನ್ನು ಹೊಲಕ್ಕಿಳಿಸಿದಳು. ಬೇರೆ ಏನನ್ನೂ ಮುಟ್ಟಲಿಲ್ಲ. ಕೈಕಟ್ಟುವ ಆ ಒಂದು ಸಾಲನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಟ್ಟಳು. ಮೂರನೆಯ ಸಾಲು ನಾನು ಬರೆದಂತೆಯೇ ಇತ್ತು.

ಲೆಕ್ಕ ಮುಗಿಯಲು ಎರಡು ತಾಸು ಬೇಕಿತ್ತು. ಅಲ್ಲಿಯ ಜನ ಹನ್ನೊಂದೂವರೆಗೇ ಊಟಕ್ಕೆ ಏಳುತ್ತಾರೆ. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹಂಚಿದೆ. ರೊಟ್ಟಿ ಮುರಿಯುವ ಸಪ್ಪಳಕ್ಕೆ ಪ್ರೊಫೆಸರ್ ತಾವೇ ಬೆಚ್ಚಿದರು. ಹನ್ನಾ ಮಾತ್ರ ಒಂದು ಚೂರೂ ತಿನ್ನಲಿಲ್ಲ.

ಪರದೆಯ ಹೆಂಗಸು ನಡೆದಳು. ಎಲ್ಲರೂ ಮನಸ್ಸಿನಲ್ಲೇ ಎಣಿಸುತ್ತಿದ್ದದ್ದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು. ಒಂಬತ್ತು ದಾಟಿತು. ಹನ್ನೊಂದು ದಾಟಿತು. ಹದಿಮೂರಕ್ಕೆ ಹೆಂಟೆ ಬಿತ್ತು, ಹಿಮ್ಮಡಿಯ ಹೊರಮಗ್ಗುಲಿನಿಂದಲೇ. ಸಾವಿರಾರು ಮೈಲಿ ದೂರದಲ್ಲಿ, ಮಣ್ಣಿನ ಒಂದು ಕಣವೂ ಇಲ್ಲದ ಕೋಣೆಯಲ್ಲಿ, ನನ್ನ ವೈನಿಯ ನಡಿಗೆಯನ್ನು ಬರಿಯ ಲೆಕ್ಕ ಒಂದೇ ಹೆಜ್ಜೆಯ ಅಂತರದಲ್ಲಿ ಹಿಡಿದುಬಿಟ್ಟಿತ್ತು. ನನಗೆ ಕೈ ಮುಗಿಯಬೇಕೆನಿಸಿತು. ಯಾರಿಗೆ ಮುಗಿಯುವುದೆಂದು ತಿಳಿಯದೆ ಸುಮ್ಮನೆ ಕೂತೆ.

ಪ್ರೊಫೆಸರ್ ಇನ್ನೂ ಅನುಮಾನ ಬಿಡಲಿಲ್ಲ. ಹೆಜ್ಜೆಯ ಲೆಕ್ಕ ಆಕಸ್ಮಿಕವಾಗಿಯೂ ಕೂಡಬಹುದು, ಆ ಮಣ್ಣು ಬಲ್ಲವರು ನೋಡಿ ಹೇಳಲಿ ಎಂದರು. ಮತ್ತೆ ವಿಡಿಯೊ ಕರೆ ಮಾಡಿ ಫೋನನ್ನು ಪರದೆಗೆ ಹಿಡಿದೆ. ಕರೆ ಎತ್ತಿದವನು ಅಣ್ಣ. ಆಗ ತಾನೆ ಚಹಾ ಕುಡಿಯುತ್ತ ಕೂತಿದ್ದನಂತೆ. ಏನು, ಎತ್ತ ಎಂದು ನಾನು ಹೇಳುವ ಮೊದಲೇ ಅವನ ದನಿ ಏರಿತು.

“ಯಾರ ಹೊಲಾ ಅದು? ಅಕಿ ಯಾರು?” ಎಂದ. “ಇನ್ನಾ ಎರಡ ದಿನಾ ಬೇಕು ಹದಾ ಬರಾಕ. ಹಸಿ ಹೊಲ ತುಳ್ಯಾಕತ್ತಾಳಲ್ಲ ಅಕಿ. ಹೊರಗ ಬಾ ಅನ್ನು.”

ಅದು ಹೊಲ ಅಲ್ಲ, ಅವಳು ಹೆಂಗಸೂ ಅಲ್ಲ, ಕಂಪ್ಯೂಟರಿನ ಲೆಕ್ಕ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

“ಯಾರರೇ ಇರಲಿ, ಮೊದಲ ಹೊರಗ ಕರಿ,” ಎಂದ.

ಏನು ಹೇಳುತ್ತಿದ್ದಾರೆ ಎಂದು ಪ್ರೊಫೆಸರ್ ಕೇಳಿದರು. ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಬರೀ ಚಿತ್ರ ನೋಡಿಯೇ ಅಣ್ಣ ಮಣ್ಣಿನ ಹಸಿಯನ್ನು ಅಳೆದು ಹೇಳಿದ ಆ ಎರಡು ದಿನ ಎಂಬುದನ್ನು ಅವರು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಅವರು ನನ್ನ ಪಟ್ಟಿ ಎಳೆದುಕೊಂಡು, ಮೂರನೆಯ ಸಾಲಿನ ಪಕ್ಕದ ಪ್ರಶ್ನಾರ್ಥಕವನ್ನು ರಬ್ಬರಿನಿಂದ ಉಜ್ಜಿ, ಚೂರನ್ನು ಊದಿದರು. ಹನ್ನಾಳ ಕಡೆ ತಿರುಗಿ, ಕೆಸರಿನ ಕೈಕಟ್ಟುವ ಆ ಒಂದು ಸಾಲನ್ನು ಪ್ರೋಗ್ರಾಮಿನಿಂದ ತೆಗೆದೇಬಿಡು, ಅಧ್ಯಾಯ ಇರಲಿ ಎಂದರು.

ಹನ್ನಾ ಅಳುತ್ತಲೇ ಆ ಸಾಲು ಅಳಿಸಿದಳು. ಪರದೆಯ ಮೇಲೆ ಆ ಹೆಂಗಸು ಕುಂಟುತ್ತ ಇನ್ನೂ ನಡೆಯುತ್ತಿದ್ದಳು, ಮತ್ತು ಡಂಬಳದಿಂದ ಅಣ್ಣ ಅವಳನ್ನು ಬೈಯುತ್ತಲೇ ಇದ್ದ.